ಕೋಡ್, ಸೈಫರ್ ಎರಡಕ್ಕೂ ‘ಗೂಢಲಿಪಿ’ ಸಾಕೇ?

ಎಲ್ಲರಿಗೂ ನಮಸ್ಕಾರ.

1942ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿ ಅಮೆರಿಕ, ಜಪಾನ್ ನೌಕಾಪಡೆಗಳ ನಡುವೆ ನಡೆದ ಮಿಡ್‌ವೇ ಕದನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೋಡ್, ಸೈಫರ್ ಎರಡಕ್ಕೂ ‘ಸಂಕೇತ’ ಎಂದೋ ‘ಗೂಢಲಿಪಿ’ ಎಂದೋ ಬರೆದು ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಬಹುತೇಕ ಕಡೆ ಅದರಿಂದ ನಷ್ಟವೇನೂ ಇಲ್ಲ. ಆದರೆ ಜಪಾನಿ ನೌಕಾಪಡೆ ಗುಟ್ಟಿನ ಸಂದೇಶಗಳಿಗೆ ಬಳಸುತ್ತಿದ್ದ ಜೆಎನ್-25 ವ್ಯವಸ್ಥೆಯನ್ನು ವಿವರಿಸಲು ಹೊರಟರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಅಲ್ಲಿ ಮುಚ್ಚಿಡುವ ಕೆಲಸ ಎರಡು ಸಲ ನಡೆಯುತ್ತದೆ. ಮೊದಲು ಕೋಡ್ ಪುಸ್ತಕ ನೋಡಿ ಪದಗಳಿಗೆ, ನುಡಿಗಟ್ಟುಗಳಿಗೆ ಐದಂಕಿಯ ಸಂಖ್ಯೆಗಳನ್ನು ಹಾಕಬೇಕು. ಆಮೇಲೆ ಇನ್ನೊಂದು ಪುಸ್ತಕದಿಂದ ಬೇರೆ ಐದಂಕಿಗಳನ್ನು ತೆಗೆದು ಅವಕ್ಕೆ ಕೂಡಬೇಕು, ಅದೂ ದಶಕ ಲೆಕ್ಕಕ್ಕೆ ಹಿಡಿಯದೆ: ಏಳಕ್ಕೆ ಐದು ಕೂಡಿದರೆ ಎರಡು! ಮೊದಲನೆಯದು ಕೋಡ್, ಎರಡನೆಯದು ಸೈಫರ್. ‘ಗೂಢಲಿಪಿಯನ್ನು ಗೂಢಲಿಪಿಗೆ ಬದಲಿಸಿದರು’ ಎಂದು ಬರೆದರೆ ಓದುಗರು ಅಚ್ಚಿನ ತಪ್ಪೆಂದುಕೊಳ್ಳುತ್ತಾರೆ.

‘ಗೂಢಲಿಪಿ’ಯನ್ನು ಸೈಫರ್‌ಗೆ ಮೀಸಲಿಡಬಹುದು ಎನ್ನಿಸುತ್ತದೆ. ಸೈಫರ್ ಮುಟ್ಟುವುದು ಅಕ್ಷರ, ಅಂಕಿಗಳನ್ನಷ್ಟೇ. ಅರ್ಥದ ಗೊಡವೆ ಅದಕ್ಕಿಲ್ಲ. ಕೋಡ್‌ಗೆ ಏನು ಮಾಡೋಣ? ರೇಡಿಯೊ ವಿಷಯದಲ್ಲಿ ‘ಸಂಕೇತ’ ಎಂದರೆ ಸಿಗ್ನಲ್ ಕೂಡ ಹೌದು. ‘ಗುಪ್ತಪದ’ವನ್ನು ಪಾಸ್‌ವರ್ಡ್ ಆಗಲೇ ನುಂಗಿದೆ. ಗೆಳೆಯರೊಬ್ಬರು ‘ಮುಂಡಿಗೆ’ ಎಂದರು. ಕಿವಿಗೆ ಹಿತವಾಗಿದೆ, ನಿಜ. ಆದರೆ ಕನಕದಾಸರ ಮುಂಡಿಗೆ ಕೇಳುಗರು ಬಿಡಿಸಲಿ ಎಂದೇ ಒಡ್ಡಿದ್ದು. ಕೋಡ್ ಇರುವುದು ಕೇಳುಗರನ್ನು ಹೊರಗಿಡಲು. ಸದ್ಯಕ್ಕೆ ‘ಸಂಕೇತಪದ’ ಎಂದು ಬರೆದುಕೊಂಡಿದ್ದೇನೆ, ಅರೆಮನಸ್ಸಿನಿಂದ.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಇನ್ ಕ್ಲಿಯರ್’, ಅಂದರೆ ಕೋಡ್, ಸೈಫರ್ ಯಾವುದೂ ಇಲ್ಲದೆ ಸಂದೇಶ ಕಳಿಸುವುದು. 1942ರ ಮೇ ತಿಂಗಳಲ್ಲಿ ಜಪಾನೀಯರ ಸಂದೇಶಗಳಲ್ಲಿ ದಾಳಿಯ ಗುರಿಯಾಗಿ ‘ಎಎಫ್’ ಎಂಬ ಸಂಕೇತಪದ ಬರುತ್ತಿತ್ತು. ಅದು ಮಿಡ್‌ವೇ ಎಂಬುದು ಹವಾಯಿಯಲ್ಲಿ ಜಪಾನಿ ಸಂದೇಶಗಳನ್ನು ಬಿಡಿಸುತ್ತಿದ್ದ ಅಮೆರಿಕದ ನೌಕಾಧಿಕಾರಿ ಜೋಸೆಫ್ ರೋಶ್‌ಫರ್ ತಂಡದ ಊಹೆ. ಅದನ್ನು ಖಚಿತಪಡಿಸಿಕೊಳ್ಳಲು ಮಿಡ್‌ವೇಗೆ ಕಡಲಡಿಯ ಕೇಬಲ್ ಮೂಲಕ ಗುಟ್ಟಾಗಿ ಸೂಚನೆ ಹೋಯಿತು: ಸಿಹಿನೀರು ತಯಾರಿಸುವ ಘಟಕ ಕೆಟ್ಟಿದೆಯೆಂದು ರೇಡಿಯೊದಲ್ಲಿ ‘ಇನ್ ಕ್ಲಿಯರ್’ ಹೇಳಿ. ಅವರು ಹಾಗೆಯೇ ಹೇಳಿದರು. ಎಎಫ್‌ನಲ್ಲಿ ನೀರಿಗೆ ತೊಂದರೆಯಿದೆ ಎಂಬ ಜಪಾನಿ ಸಂದೇಶ ಬೇಗನೆ ಕೈಗೆ ಸಿಕ್ಕಿತು.

ಇಲ್ಲಿ ‘ಬಹಿರಂಗ ಸಂದೇಶ’ ಎಂದರೆ ಡಂಗುರ ಸಾರಿದಂತಾಗುತ್ತದೆ. ಮಿಡ್‌ವೇಯವರು ತಮ್ಮ ಮೇಲಧಿಕಾರಿಗಳಿಗೇ ಹೇಳುತ್ತಿರುವಂತೆ ನಟಿಸಬೇಕಿತ್ತು. ‘ಸರಳ ಭಾಷೆ’ ಎಂದರೆ ಕಠಿಣ ಪದಗಳಿಲ್ಲ ಎಂದಷ್ಟೇ ಅರ್ಥ. ‘ಮುಚ್ಚುಮರೆಯಿಲ್ಲದೆ’ ಎನ್ನಲು ಮನಸ್ಸಾಗಿತ್ತು. ಆದರೆ ಅದಕ್ಕೆ ಪ್ರಾಮಾಣಿಕತೆಯ ವಾಸನೆಯಿದೆ, ಇಲ್ಲಿ ಸಂದೇಶವೇ ಶುದ್ಧ ಸುಳ್ಳು! ‘ಸಾದಾ ನುಡಿಯಲ್ಲಿ’ ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ದುಡಿದ ಕನ್ನಡಿಗರು ನಿಮ್ಮಲ್ಲಿದ್ದರೆ ಒಂದು ಪ್ರಶ್ನೆ: ಕೆಲಸದ ಮಾತು ಇಂಗ್ಲಿಷ್, ಹಿಂದಿಯಲ್ಲಿ ನಡೆದರೂ ನಿಮ್ಮನಿಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ‘ಇನ್ ಕ್ಲಿಯರ್’ಗೆ ಏನನ್ನುತ್ತಿದ್ದಿರಿ?