ಹೊಲಿಗಿ, ಟಾಕಿ, ಹಚ್ಚೋದು: ಯಾವುದು ಎಲ್ಲಿ?

ಹೋದ ವಾರ ನನ್ನ ಅಂಗಿಯ ಬಗಲು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಕಲಬುರಗಿಯ ನಮ್ಮ ಓಣಿಯ ದರ್ಜಿಗೆ ಕೊಟ್ಟು, ಹರಿದಿದೆ ಅಂದೆ. ಅವರು ಅಂಗಿ ತಿರುವಿ ಒಳಮಗ್ಗುಲು ನೋಡಿದರು. "ಅರಬಿ ಹರದಿಲ್ಲರಿ, ಹೊಲಿಗಿ ಬಿಟ್ಟದ ಅಷ್ಟೇ. ಎರಡು ಟಾಕಿ ಹಾಕಿದ್ರ ಮುಗೀತು."

ಅವರು ಹೊಲಿಗಿ ಅಂದದ್ದು ಎರಡು ತುಂಡು ಕೂಡುವ ಗೆರೆಗೆ. ಟಾಕಿ ಅಂದದ್ದು ಸೂಜಿ ಒಂದು ಸಲ ಇಳಿದು ಎದ್ದಾಗ ಬೀಳುತ್ತದಲ್ಲ, ಅದಕ್ಕೆ. ಬರೆಯುವಾಗ ನಾವು ಎರಡಕ್ಕೂ ಹೊಲಿಗೆ ಅಂತಲೇ ಬರೆಯುತ್ತೇವೆ. ಗಾಯಕ್ಕೆ ಹಾಕುವುದೂ ಅದೇ, ಕಲಿಯುವ ಕಸುಬೂ ಅದೇ. ಇಲ್ಲಿ "ಹೊಲಿಗಿ ಎಷ್ಟ್ರಿ?" ಅಂದರೆ ಕೂಲಿ ಕೇಳಿದ ಹಾಗೆ. ಪಾಪ, ಒಂದು ಪದದ ಮೇಲೆ ಎಷ್ಟು ಭಾರ!

ಟಾಕಿ ಮರಾಠಿಯ ಟಾಕಾ, ಹಿಂದಿಯ ಟಾಂಕಾ ಇವುಗಳ ಬಳಗದ್ದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರಿಗೆ ಇದೇನು ಹೊಸದಲ್ಲ. ಹೊಲಿ ಮಾತ್ರ ಅಚ್ಚಗನ್ನಡ, ಹಳಗನ್ನಡದಲ್ಲಿ ಪೊಲಿ. ಹಳಗನ್ನಡದ ಪಾಲ್ ಹಾಲಾದಂತೆ ಪೊಲಿಯೂ ಹೊಲಿ ಆಯಿತು. ಅಂದ ಹಾಗೆ, 12ನೇ ಶತಮಾನದ ಶರಣ ರಾಮಿತಂದೆಯ ಹೆಸರಿನ ಹಿಂದೆ ಇರುವುದು ಹೊಲಿಗೆಯ ಕಾಯಕವಲ್ಲ, ಸೂಜಿಕಾಯಕ. ಅದ್ಯಾಕೋ ನನಗೆ ತುಂಬಾ ಇಷ್ಟ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಗುಂಡಿ ಕಿತ್ತರೆ ನಮ್ಮಲ್ಲಿ ಅದನ್ನು ಹೊಲಿಯುವುದಿಲ್ಲ, ಹಚ್ಚುತ್ತಾರೆ. ತ್ಯಾಪಿಯೂ, ಅಂದರೆ ತೇಪೆಯೂ, ಹಚ್ಚೋದೇ. ಎರಡಕ್ಕೂ ಸೂಜಿ ದಾರ ಬೇಕು, ಆದರೂ ಹೊಲಿ ಬರುವುದಿಲ್ಲ. ತೊಗರಿ ಚೀಲದ ಬಾಯಿಯನ್ನು ಮಾತ್ರ ದಬ್ಬಳ, ಸುತಳಿ ಹಿಡಿದು ಹೊಲಿಯುತ್ತಾರೆ. ಅಂಚಿಗೆ ಅಂಚು ಕೂಡಿದರೆ ಹೊಲಿಯೋದು, ದೊಡ್ಡದಕ್ಕೆ ಸಣ್ಣದು ಕೂಡಿದರೆ ಹಚ್ಚೋದು ಅಂತ ಲೆಕ್ಕ ಹಾಕಿದೆ. ಆಗ ಪತ್ರೋಳಿ, ಅಂದರೆ ಮುತ್ತಲ ಎಲೆಯ ಊಟದೆಲೆ, ಅಡ್ಡ ಬಂತು. ಎಲೆಗೆ ಎಲೆ ಕಡ್ಡಿ ಚುಚ್ಚಿ ಕೂಡಿಸುವುದು, ಅದನ್ನೂ ಹಚ್ಚೋದು ಅಂತಾರೆ. ಆಮೇಲೆ ಕೈ ಹೇಗೆ ಓಡುತ್ತದೆ ಅಂತ ನೆನಪು ಮಾಡಿಕೊಂಡೆ. ನಡುವೆ ಒಂದು ಎಲೆ ಇಟ್ಟು, ಸುತ್ತಲೂ ಒಂದೊಂದಾಗಿ ಸೇರಿಸುತ್ತಾರೆ. ಇರುವುದಕ್ಕೆ ಇನ್ನೊಂದು ಬಂದು ಅಂಟುತ್ತದೆ. ಹಾಗಾದರೆ ಲೆಕ್ಕ ತಪ್ಪಿಲ್ಲ, ಅಲ್ವಾ?

ಕೌದಿಯಲ್ಲಂತೂ ಎರಡೂ ಕ್ರಿಯಾಪದ ಒಟ್ಟಿಗೆ ಬರುತ್ತವೆ. ನಮ್ಮ ಅಮ್ಮ ಹೇಳುವುದು ಹೀಗೆ: "ಹಳಿ ಸೀರಿ ತುಂಡು ಹಚ್ಚಿ ಕೌದಿ ಹೊಲದೀನಿ." ತುಂಡು ಹಚ್ಚಿದ್ದು, ಕೌದಿ ಹೊಲಿದದ್ದು. ಅದಲುಬದಲು ಮಾಡಿ ಹೇಳಿ ನೋಡಿ, ಕಿವಿಗೆ ಹಿಡಿಸುವುದಿಲ್ಲ.

ಈಗ ನನ್ನ ಪ್ರಶ್ನೆ. ಔರಾದ, ಭಾಲ್ಕಿ ಕಡೆ ಗಾಯಕ್ಕೂ ಟಾಕಿ ಅಂತಾರಾ, ಬಟ್ಟೆಗಷ್ಟೇನಾ? ನಮ್ಮ ಓಣಿಯಲ್ಲಿ "ತಲಿಗಿ ನಾಕು ಟಾಕಿ ಬಿದ್ದಾವ" ಅನ್ನುವುದನ್ನು ಕೇಳಿದ್ದೇನೆ. ಸುರಪುರ, ಶಹಾಪುರದವರು ಗುಂಡಿಯನ್ನು ಹಚ್ಚುತ್ತಾರೋ, ಹೊಲಿಯುತ್ತಾರೋ? ಮನೆಯಲ್ಲಿ ಹಿರಿಯರು ಏನಂತಾರೆ, ಸುಮ್ನೆ ಒಂದು ಸಲ ಕೇಳಿ ತಿಳಿಸಿ. ಕೇಳುವಾಗ ಕೈಗೆ ಒಂದು ಗುಂಡಿ ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು.