ದಾಖಾವ್ ಕ್ಯಾಂಪಿನಲ್ಲಿ ಫೋಟೋ ತೆಗೆಯಬಹುದಾ?

ಮ್ಯೂನಿಕ್ ಕನ್ನಡತಿ:
ಹೋದ ಶನಿವಾರ, ಬೆಂಗಳೂರಿನಿಂದ ಬಂದಿರುವ ನಾದಿನಿ ಮತ್ತು ಅವಳ ಮಗನನ್ನು ದಾಖಾವ್‌ಗೆ ಕರೆದುಕೊಂಡು ಹೋಗಿದ್ದೆ. ನಾಜಿಗಳು 1933ರ ಮಾರ್ಚ್‌ನಲ್ಲಿ ತೆರೆದ ಕಾನ್ಸನ್‌ಟ್ರೇಷನ್ ಕ್ಯಾಂಪ್ ಅದು. 1945ರ ಏಪ್ರಿಲ್ ವರೆಗೆ ಅಲ್ಲಿ ಮತ್ತು ಅದರ ಕೈಕೆಳಗಿನ ಕ್ಯಾಂಪುಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ್ದರು. ಕಡಿಮೆ ಅಂದರೂ 41,500 ಜನ ಸತ್ತರು. ‘ದುಡಿಮೆಯೇ ಬಿಡುಗಡೆ’ ಅಂತ ಜರ್ಮನ್‌ನಲ್ಲಿ ಬರೆದಿರುವ ಕಬ್ಬಿಣದ ಗೇಟು ಬಂತು. ಹುಡುಗ ಕಂಬಿ ಹಿಡಿದು ನಿಂತು, “ಅತ್ತೆ, ಒಂದು ಫೋಟೋ” ಅಂದ. ಬೇಡ ಅಂದೆ. ಅವನ ಮುಖ ಸಣ್ಣದಾಯಿತು. “ಇಷ್ಟು ದೂರ ಬಂದಿದ್ದೀವಿ, ಒಂದು ಫೋಟೋ ತೆಗೆದರೆ ತಪ್ಪೇನು?” ಅಂತ ನಾದಿನಿಗೂ ಬೇಜಾರು. ಅಲ್ಲಿ ಫೋಟೋಗೆ ನಿಷೇಧ ಏನೂ ಇಲ್ಲ. ನಾನು ಮಾಡಿದ್ದು ಸರಿನಾ?

ಹಾಸನದ ಹುಡುಗ:
ನಿಷೇಧ ಇಲ್ಲ ಅಂದ ಮೇಲೆ ತೆಗೆಯಬಹುದಿತ್ತು. ನಾನು ಪೋಲೆಂಡ್‌ನಲ್ಲಿರುವ ಔಶ್ವಿಟ್ಜ್‌ಗೆ, ಅದೂ ನಾಜಿಗಳ ಕ್ಯಾಂಪೇ, ಹೋದಾಗ ಸುಮಾರು ಫೋಟೋ ತೆಗೆದೆ. ನಮ್ಮಪ್ಪನಿಗೆ ಪೋಲೆಂಡ್‌ವರೆಗೂ ಬರೋಕೆ ಆಗುವುದಿಲ್ಲ. ಗಾಜಿನ ಹಿಂದೆ ರಾಶಿ ಬಿದ್ದಿರುವ ಬೂಟುಗಳ ಫೋಟೋ ನೋಡಿ, “ಇಷ್ಟೊಂದು ಯಾರದ್ದೋ?” ಅಂತ ಕೇಳಿದರು. ಅದರಲ್ಲಿ ಮಕ್ಕಳ ಬೂಟು ಕಂಡಾಗ ಮೊಬೈಲನ್ನು ಮಂಚದ ಮೇಲೆ ಮಗುಚಿ ಇಟ್ಟರು. ಆ ಫೋಟೋ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಆ ಮಾತೇ ಬರುತ್ತಿರಲಿಲ್ಲ.

ಶಿರಸಿ ಅಕ್ಕ:
ಬೂಟಿನ ಫೋಟೋ ಬೇರೆ, ಗೇಟು ಹಿಡಿದು ನಿಲ್ಲೋದು ಬೇರೆ ಅಲ್ವಾ ತಮ್ಮಾ? ಸಾವಿನ ಮನೆಗೆ ಮಾತಾಡಿಸೋಕೆ ಹೋಗುತ್ತೇವೆ. ಅಲ್ಲಿ ಜಗಲಿ ಚೆನ್ನಾಗಿದೆ ಅಂತ ನಿಂತು ಫೋಟೋ ತೆಗೆಸಿಕೊಳ್ಳುತ್ತೇವಾ? ಔಶ್ವಿಟ್ಜ್‌ನಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದಿದ್ದಾರೆ. ಅಂಥ ಜಾಗದ ರೈಲು ಹಳಿ ಮೇಲೆ ಕೈ ಚಾಚಿ ನಡೆಯುತ್ತಾ ಫೋಟೋ ತೆಗೆಸಿಕೊಳ್ಳುವವರು ಜಾಸ್ತಿಯಾಗಿ, 2019ರಲ್ಲಿ ಮ್ಯೂಸಿಯಂನವರೇ ದಯವಿಟ್ಟು ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳಬೇಕಾಯಿತು.

ಹಾಸನದ ಹುಡುಗ:
ಆ ಹುಡುಗ ಹಳಿ ಮೇಲೆ ಕುಣಿಯಲಿಲ್ಲವಲ್ಲ ಅಕ್ಕಾ. ಅಂದಹಾಗೆ ಅವನು ಹಿಡಿದದ್ದು ಹಳೇ ಬಾಗಿಲೂ ಅಲ್ಲ. ಅದನ್ನು 2014ರಲ್ಲಿ ಯಾರೋ ಕದ್ದಿದ್ದರು, ಎರಡು ವರ್ಷದ ಮೇಲೆ ನಾರ್ವೆಯಲ್ಲಿ ಸಿಕ್ಕಿತು. ಈಗ ಅಸಲಿ ಬಾಗಿಲು ದಾಖಾವ್ ಮ್ಯೂಸಿಯಂ ಒಳಗಿದೆ, ಗೇಟಿನಲ್ಲಿರುವುದು ಅದರ ನಕಲು.

ನಿವೃತ್ತ ಮೇಷ್ಟ್ರು:
ಬಾಗಿಲು ನಕಲಾದರೂ ಜಾಗ ಅದೇ. ಆದರೆ ಕ್ಯಾಮೆರಾನೇ ಬೇಡ ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. 1944ರ ಬೇಸಿಗೆಯಲ್ಲಿ ಔಶ್ವಿಟ್ಜ್‌ನದೇ ಭಾಗವಾದ ಬಿರ್ಕೆನೌನಲ್ಲಿ ಹೆಣ ಸುಡುವ ಕೆಲಸಕ್ಕೆ ಹಚ್ಚಿದ್ದ ಕೈದಿಗಳು ಕದ್ದು ನಾಲ್ಕು ಫೋಟೋ ತೆಗೆದರು. ಎರಡರಲ್ಲಿ ಸುತ್ತ ಕಪ್ಪು ಚೌಕಟ್ಟು ಇದೆ. ಅದು ಕಟ್ಟಡದ ಬಾಗಿಲು. ಒಳಗೆ ಅಡಗಿ ನಿಂತು, ಹೊರಗೆ ಹೆಣ ಸುಡುತ್ತಿರುವುದನ್ನು ತೆಗೆದಿದ್ದಾರೆ. ಇನ್ನೊಂದರಲ್ಲಿ ಬರೀ ಮರದ ಕೊಂಬೆ, ಆಕಾಶ. ವ್ಯೂಫೈಂಡರ್ ನೋಡುವಷ್ಟೂ ಸಮಯ ಇರಲಿಲ್ಲ. ಆ ರೀಲನ್ನು ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಬಚ್ಚಿಟ್ಟು ಹೊರಗೆ ಸಾಗಿಸಿದರು. ಸಿಕ್ಕಿಬಿದ್ದಿದ್ದರೆ ಪ್ರಾಣ ಹೋಗುತ್ತಿತ್ತು. ಹಾಗಿದ್ದರೂ ತೆಗೆದರು, ಹೊರಗಿನವರು ನಂಬಲಿ ಅಂತ.

ಶಿರಸಿ ಅಕ್ಕ:
ಸರ್, ಓದಿ ಮೈ ಜುಮ್ಮೆಂದಿತು. ಆದರೆ ಆ ನಾಲ್ಕೂ ಫೋಟೋದಲ್ಲಿ ತೆಗೆದವನ ಮುಖ ಇಲ್ಲ. ನಾನು ಹೇಳುತ್ತಿರುವುದೂ ಅಷ್ಟೇ.

ನಿವೃತ್ತ ಮೇಷ್ಟ್ರು:
ಒಪ್ಪಿದೆ ತಾಯೀ. ಔಶ್ವಿಟ್ಜ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು. ಆದರೆ ಸತ್ತವರ ಕೂದಲು ಇಟ್ಟಿರುವ ಕೋಣೆಯಲ್ಲಿ ಕೂಡದು. ಅದು ಅವರ ಮೈಯದೇ ಒಂದು ಭಾಗ.

ಹಾಸನದ ಹುಡುಗ:
ಆ ಕೋಣೆಯಲ್ಲಿ ನಾನೂ ತೆಗೆಯಲಿಲ್ಲ ಸರ್. ಬೋರ್ಡ್ ಇಲ್ಲದಿದ್ದರೂ ತೆಗೆಯುತ್ತಿರಲಿಲ್ಲ. ಅಲ್ಲಿ ಕೈಯೇ ಬರುವುದಿಲ್ಲ.

ಪಟ್ಟಣದವಳು:
ನಾನು ಶ್ರೀರಂಗಪಟ್ಟಣದವಳು. ದಾಖಾವ್‌ನಲ್ಲಿ ನೂರ್ ಇನಾಯತ್ ಖಾನ್ ಹೆಸರು ನೋಡಿದಿರಾ? ಟಿಪ್ಪು ಸುಲ್ತಾನನ ವಂಶದವಳು. ಬ್ರಿಟಿಷರ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ 1943ರಲ್ಲಿ ಫ್ರಾನ್ಸ್‌ಗೆ ಹೋಗಿ ನಾಜಿಗಳ ಕೈಗೆ ಸಿಕ್ಕಿಬಿದ್ದಳು. ಮರುವರ್ಷ ಸೆಪ್ಟೆಂಬರ್‌ನಲ್ಲಿ ದಾಖಾವ್‌ನಲ್ಲೇ ಕೊಂದರು. ಆಗ ಅವಳಿಗೆ 30 ವರ್ಷ.

ಮ್ಯೂನಿಕ್ ಕನ್ನಡತಿ:
ನೋಡಿದೆವು. ಹೆಣ ಸುಡುತ್ತಿದ್ದ ಕ್ರಿಮೆಟೋರಿಯಂ ಕಟ್ಟಡದ ಗೋಡೆಯ ಮೇಲೆ ಕಲ್ಲಿನ ಫಲಕ ಇದೆ. ಅವಳ ಜೊತೆ ಕೊಂದ ಇನ್ನೂ ಮೂವರು ಹೆಂಗಸರ ಹೆಸರೂ ಇದೆ. ಅಲ್ಲಿಯವರೆಗೂ ಮುನಿಸಿಕೊಂಡಿದ್ದ ಹುಡುಗ ಹೆಸರು ಓದಿ, “ಇವರು ನಮ್ಮ ಕಡೆಯವರಾ?” ಅಂದ. ಟಿಪ್ಪು ವಂಶ ಅಂದೆ. ಸ್ಕೂಲ್ ಟ್ರಿಪ್‌ನಲ್ಲಿ ಶ್ರೀರಂಗಪಟ್ಟಣ ನೋಡಿದ್ದನಂತೆ. ಸ್ವಲ್ಪ ಹೊತ್ತು ನಿಂತು, “ಇದನ್ನು ತೆಗೆಯಲಾ?” ಅಂತ ಕೇಳಿದ. ತೆಗಿ ಅಂದೆ. ಫಲಕದ್ದು ಮಾತ್ರ ತೆಗೆದ, ಒಂದೇ ಒಂದು.

ಈಗ ಅನಿಸುತ್ತಿದೆ, ಗೇಟಿನ ಹತ್ತಿರ ಸುಮ್ನೆ ಬೇಡ ಅಂದುಬಿಟ್ಟೆ. ಯಾಕೆ ಬೇಡ ಅಂತ ಹೇಳಲಿಲ್ಲ. ಅವರು ಹೊರಡುವುದು ಭಾನುವಾರ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ಬರೆದ ಆ ನಾಲ್ಕು ಫೋಟೋಗಳ ಕತೆ ಇಬ್ಬರಿಗೂ ಹೇಳುತ್ತೇನೆ.