ಇಬ್ಬರ ಹೋಮ್ಸ್ ಒಂದೇ ಗಣಿಗೆ ಇಳಿದರೆ: ಕಾಕತಾಳೀಯವೋ, ಕೃತಿಚೌರ್ಯವೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಷರ್ಲಾಕ್ ಹೋಮ್ಸ್ ಫ್ಯಾನ್ ಫಿಕ್ಷನ್, ಅಂದರೆ ಆ ಪತ್ತೇದಾರನ ಪಾತ್ರವನ್ನಿಟ್ಟುಕೊಂಡು ಅಭಿಮಾನಿಯಾಗಿ ಹೊಸ ಕಥೆಗಳನ್ನು ಬರೆಯುತ್ತೇನೆ. ಕಳೆದ ವರ್ಷ ಇದೇ ಗುಂಪಿನಲ್ಲಿ ಕಂತುಕಂತಾಗಿ ಹಾಕಿದ ಕಥೆಯಲ್ಲಿ ಹೋಮ್ಸ್ 1892ರಲ್ಲಿ ಸಿಗರ್ಸನ್ ಎಂಬ ಹೆಸರಿನಿಂದ ಕೋಲಾರದ ಚಿನ್ನದ ಗಣಿಗೆ ಬರುತ್ತಾನೆ. ಅಲ್ಲಿ ಚಿನ್ನ ಕಳುವಾಗುತ್ತಿರುತ್ತದೆ. ಇಡೀ ಕಥೆ ಅವನು ಅಣ್ಣ ಮೈಕ್ರಾಫ್ಟ್‌ಗೆ ಬರೆದ ಪತ್ರಗಳಲ್ಲಿದೆ. ಈ ತಿಂಗಳು ಇನ್ನೊಬ್ಬ ಸದಸ್ಯರು ಹಾಕಿದ ಕಥೆಯಲ್ಲೂ ಅದೇ ವೇಷ, ಅದೇ ಗಣಿ, ಅದೇ ಕಳವು, ಅದೇ ಪತ್ರಗಳು! ಕೇಳಿದರೆ ನಿಮ್ಮ ಕಥೆಯನ್ನು ಓದಿಯೇ ಇಲ್ಲ ಎನ್ನುತ್ತಾರೆ. ಇಷ್ಟೊಂದು ಹೋಲಿಕೆ ಆಕಸ್ಮಿಕವಾಗಿ ಬರುವುದುಂಟೇ? ಗುಂಪಿನಲ್ಲಿ ಬಹಿರಂಗವಾಗಿ ಹೇಳಿಬಿಡಲೇ?

ವಕೀಲರ ಉತ್ತರ: ಸದ್ಯಕ್ಕೆ ಬೇಡ. ನೀವು ಕೊಟ್ಟ ಪಟ್ಟಿಯಲ್ಲಿ ನಿಮ್ಮದೇ ಆದದ್ದು ಎಷ್ಟೆಂದು ಮೊದಲು ನೋಡೋಣ.

ಹೋಮ್ಸ್ ರೈಖೆನ್‌ಬಾಖ್ ಜಲಪಾತದ ಬಳಿ ಕಣ್ಮರೆಯಾದದ್ದು 1891ರ ಮೇ ತಿಂಗಳಲ್ಲಿ, ಲಂಡನ್ನಿಗೆ ಮರಳಿದ್ದು 1894ರಲ್ಲಿ. ನಡುವಿನ ಮೂರು ವರ್ಷಗಳನ್ನು ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕೆಲವೇ ಸಾಲುಗಳಲ್ಲಿ ಮುಗಿಸಿಬಿಟ್ಟ. ಸಿಗರ್ಸನ್ ಎಂಬ ನಾರ್ವೆಯವನ ವೇಷ ಆ ಸಾಲುಗಳಲ್ಲೇ ಇದೆ. ಎರಡು ವರ್ಷ ಟಿಬೆಟ್‌ನಲ್ಲಿ ಸುತ್ತಾಡಿದೆ ಎಂದು ಹೋಮ್ಸ್ ಹೇಳುವುದೂ ಅಲ್ಲೇ. ಟಿಬೆಟ್‌ವರೆಗೆ ಬಂದವನನ್ನು ಭಾರತಕ್ಕೆ ಇಳಿಸುವ ಆಸೆ ನಿಮಗಿಂತ ಮೊದಲೇ ಬೇರೆ ಲೇಖಕರಿಗೂ ಬಂದಿದೆ. ಕನ್ನಡದವರೊಬ್ಬರು ಅವನನ್ನು ನಮ್ಮ ಕಡೆಗೆ ಕರೆತಂದರೆ, ಇಂಗ್ಲಿಷ್ ಕಂಪನಿಯೂ ಸಂಪತ್ತೂ ಕತ್ತಲೆಯೂ ಒಟ್ಟಿಗೆ ಸಿಗುವ ಕೋಲಾರ ತಟ್ಟನೆ ಹೊಳೆಯುತ್ತದೆ. ಚಿನ್ನದ ಗಣಿಗೆ ಪತ್ತೇದಾರ ಬಂದ ಮೇಲೆ ಅಲ್ಲಿ ಕಳುವಾಗುವುದು ರಾಗಿಯಲ್ಲ. ಪತ್ರಗಳ ವಿಷಯವೂ ಹಾಗೆಯೇ. ಆ ವರ್ಷಗಳಲ್ಲಿ ಹೋಮ್ಸ್ ನೆಚ್ಚಿಕೊಂಡಿದ್ದವನು, ಅವನಿಗೆ ಹಣ ಒದಗಿಸುತ್ತಿದ್ದವನು ಮೈಕ್ರಾಫ್ಟ್ ಒಬ್ಬನೇ. ಹೋಮ್ಸ್‌ನ ಸಾಹಸಗಳನ್ನು ನಮಗೆ ಹೇಳುವ ಗೆಳೆಯ ವಾಟ್ಸನ್ ಇಲ್ಲದ ಕಥೆಯನ್ನು ಮತ್ತೆ ಯಾರಿಗೆ ಹೇಳುವುದು?

ಹಾಗಾಗಿ ನಾಲ್ಕು ಹೋಲಿಕೆಗಳಂತೆ ಕಂಡವು ನನ್ನ ಲೆಕ್ಕದಲ್ಲಿ ಒಂದೋ ಎರಡೋ. ಆ ಮೂರು ವರ್ಷಗಳನ್ನೂ ಕೋಲಾರವನ್ನೂ ಆರಿಸಿಕೊಂಡ ಮೇಲೆ ಉಳಿದದ್ದು ತಾನಾಗಿಯೇ ಬೆನ್ನಿಗೆ ಬರುತ್ತದೆ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದು ಕುಮಾರವ್ಯಾಸ ಹೇಳಿದ್ದು ನಿಮಗೆ ಗೊತ್ತಿರಬಹುದು. ಆ ಕವಿಗಳಲ್ಲಿ ಒಬ್ಬರು ಇನ್ನೊಬ್ಬರನ್ನು ‘ನಿನ್ನ ರಾಮನೂ ಕಾಡಿಗೆ ಹೋದನಲ್ಲ’ ಎಂದು ದೂರುವುದುಂಟೇ?

ಕಾನೂನಿನ ದೃಷ್ಟಿಯೂ ಇದೇ. 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ, ತನ್ನ ನಾಟಕವನ್ನು ಕದ್ದು 1956ರ ‘ನ್ಯೂ ದೆಹಲಿ’ ಚಿತ್ರ ಮಾಡಿದ್ದಾರೆಂದು ನಾಟಕಕಾರರು ದೂರಿದ್ದರು. ಪ್ರಾಂತೀಯತೆ ಎಂಬ ವಸ್ತು ಎರಡರಲ್ಲೂ ಇತ್ತು. ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ಬಗೆಗೆ ಮಾತ್ರ ಇದೆ ಎಂದ ಸುಪ್ರೀಂ ಕೋರ್ಟ್ ದೂರನ್ನು ಒಪ್ಪಲಿಲ್ಲ. ಎರಡನ್ನೂ ಕಂಡವರಿಗೆ ಒಂದು ಇನ್ನೊಂದರ ನಕಲೇ ಎಂದು ನಿಸ್ಸಂದೇಹವಾಗಿ ಅನ್ನಿಸಬೇಕು ಎಂಬುದು ಅಲ್ಲಿನ ಅಳತೆಗೋಲು.

ಈಗ ಹೀಗೆ ಮಾಡಿ. ಡಾಯ್ಲ್‌ನಿಂದ ಬಂದದ್ದನ್ನೂ ಪತ್ತೇದಾರಿ ಕಥೆಗಳಲ್ಲಿ ಎಲ್ಲರೂ ಬಳಸುವುದನ್ನೂ ಪಕ್ಕಕ್ಕಿಡಿ. ಹತ್ತು ದಾರಿಗಳಿದ್ದ ಕಡೆ ವಿಶೇಷ ಕಾರಣವಿಲ್ಲದೆ ನೀವು ಹಿಡಿದ ದಾರಿ ಅವರಲ್ಲೂ ಇದೆಯೇ ಎಂದು ಹುಡುಕಿ. ಮುಖ್ಯವಾಗಿ ನಿಮ್ಮ ತಪ್ಪುಗಳನ್ನು ಹುಡುಕಿ.

ಮೊದಲ ಪ್ರಶ್ನೆ ಕೇಳಿದವರು: ಹುಡುಕಿದೆ, ಮೇಡಂ. ಎರಡು ಸಿಕ್ಕಿವೆ. ನಾನು 1892ರ ಸುರಂಗದಲ್ಲಿ ವಿದ್ಯುದ್ದೀಪ ಉರಿಸಿದ್ದೆ, ಅವರೂ ಉರಿಸಿದ್ದಾರೆ. ಎರಡನೆಯದು, ನನ್ನ ಕಥೆಯ ಮೇಸ್ತ್ರಿಯ ಹೆಸರು ಮುನಿಸ್ವಾಮಿ. ನಾಲ್ಕನೆಯ ಪತ್ರದಲ್ಲಿ ಒಂದು ಕಡೆ ಕೈತಪ್ಪಿ ಮುನಿಯಪ್ಪ ಎಂದಾಗಿದೆ. ಅವರ ಮೇಸ್ತ್ರಿಯ ಹೆಸರು ಅರುಳಪ್ಪ. ಆದರೆ ಅವರ ನಾಲ್ಕನೆಯ ಪತ್ರದಲ್ಲೂ ಒಂದು ಕಡೆ ಇದ್ದಕ್ಕಿದ್ದಂತೆ ಮುನಿಯಪ್ಪ ಬರುತ್ತಾನೆ!

ವಕೀಲರ ಉತ್ತರ: ದೀಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಬಂದದ್ದು 1902ರಲ್ಲಿ. ಗಣಿಯನ್ನೂ ವಿದ್ಯುತ್ತನ್ನೂ ಒಂದೇ ಉಸಿರಿನಲ್ಲಿ ಕಲಿತ ನಮ್ಮಲ್ಲಿ ಯಾರಾದರೂ ಮಾಡಬಹುದಾದ ತಪ್ಪು ಅದು. ಹತ್ತು ಮಂದಿ ಬರೆದರೆ ನಾಲ್ವರು ಮಾಡಿಯಾರು.

ಮುನಿಯಪ್ಪನ ಮಾತು ಬೇರೆ. ಅವನು ನಿಮ್ಮೊಬ್ಬರ ಕೈತಪ್ಪು. ನಿಮ್ಮ ಕಡತದಲ್ಲಿ ಮುನಿಸ್ವಾಮಿ ಎಂದಿದ್ದಲ್ಲೆಲ್ಲ ಕಂಪ್ಯೂಟರಿಗೆ ಹೇಳಿ ಅರುಳಪ್ಪ ಎಂದು ಬದಲಿಸಿದರೆ, ಮುನಿಯಪ್ಪ ಆ ಬಲೆಗೆ ಬೀಳದೆ ಹಾಗೆಯೇ ಉಳಿದುಕೊಳ್ಳುತ್ತಾನೆ. ನಿಮ್ಮ ಕಥೆಯನ್ನು ಓದಿಯೇ ಇಲ್ಲ ಎನ್ನುವವರ ಬಳಿ ಇದಕ್ಕೆ ಉತ್ತರ ಏನಿದೆಯೋ ನೋಡಬೇಕು. ಇದನ್ನು ಕಾಕತಾಳೀಯ ಎನ್ನಲು ನನಗಂತೂ ಧೈರ್ಯವಿಲ್ಲ. ನಾಲ್ಕನೆಯ ಪತ್ರವನ್ನು ಅಕ್ಕಪಕ್ಕ ಇಟ್ಟು ವಾಕ್ಯ ವಾಕ್ಯ ಹೋಲಿಸಿ. ಎರಡೂ ಪೋಸ್ಟ್‌ಗಳ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪ್ರಶ್ನೆ ಕೇಳಿದ ತಕ್ಷಣ ಪೋಸ್ಟ್‌ಗಳು ಮಾಯವಾಗುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಆಮೇಲೆ ಅವರಿಗೆ ಖಾಸಗಿಯಾಗಿ ಬರೆಯಿರಿ. ‘ಕದ್ದಿದ್ದೀರಿ’ ಎನ್ನಬೇಡಿ, ‘ಈ ಹೆಸರು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಸ್ಕ್ರೀನ್‌ಶಾಟ್‌ಗಳೊಂದಿಗೆ ಅಡ್ಮಿನ್‌ಗೆ ದೂರು ಕೊಡಿ. ಬಹಿರಂಗವಾಗಿ ಕಳ್ಳರೆಂದು ಕರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ದೂರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಹಾಗಾದರೆ ಸಾಬೀತು ಮಾಡುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಇನ್ನೊಬ್ಬ ಸದಸ್ಯರು: ಹೋಮ್ಸನೇ ಇವರದಲ್ಲ, ಎರವಲು. ಎರವಲು ತಂದವರಿಗೆ ದೂರುವ ಹಕ್ಕೆಲ್ಲಿದೆ?

ವಕೀಲರ ಉತ್ತರ: ಇದೆ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಮಾತ್ರ, ಹಾಗಾಗಿ ಹೋಮ್ಸ್ ಈಗ ಎಲ್ಲರ ಸ್ವತ್ತು. ಅವನ ಬಗ್ಗೆ ಇವರು ಬರೆದ ವಾಕ್ಯಗಳು, ಕಟ್ಟಿದ ಮೇಸ್ತ್ರಿ, ಹೆಣೆದ ಸನ್ನಿವೇಶ ಇವರದೇ. ಹ್ಯಾರಿ ಪಾಟರ್‌ನಂತೆ ಕೃತಿಸ್ವಾಮ್ಯ ಇನ್ನೂ ಜಾರಿಯಲ್ಲಿರುವ ಪಾತ್ರಗಳಾದರೆ ಕೋರ್ಟಿನ ಲೆಕ್ಕ ತೊಡಕಿನದು. ಆದರೂ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ತಮ್ಮ ಹೆಸರು ಹಾಕಿಕೊಂಡರೆ ಅದು ಕೃತಿಚೌರ್ಯವೇ. ಕೃತಿಸ್ವಾಮ್ಯ ಕಾನೂನಿನ ಮಾತು, ಕೃತಿಚೌರ್ಯ ನಡತೆಯ ಮಾತು. ಎರಡನ್ನೂ ಕಲಸಬೇಡಿ.

ಮತ್ತೊಬ್ಬ ಸದಸ್ಯರು: ನನ್ನ ಭಯ ಬೇರೆ, ಮೇಡಂ. ಓದಿದ ಕಥೆ ಮರೆತುಹೋಗಿ, ಆಮೇಲೆ ನನ್ನದೇ ಕಲ್ಪನೆ ಎಂದುಕೊಂಡು ಬರೆದುಬಿಟ್ಟರೆ?

ವಕೀಲರ ಉತ್ತರ: ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗೆ ಆದದ್ದು ಇದೇ. 1970ರ ಅವರ ಹಾಡಿನ ಧಾಟಿ 1963ರ ಒಂದು ಹಾಡಿನದಾಗಿತ್ತು. ಬೇಕೆಂದೇ ಕದ್ದದ್ದಲ್ಲ, ಅರಿವಿಲ್ಲದೆ ಮನಸ್ಸಿನಿಂದ ಬಂದದ್ದು ಎಂದು 1976ರಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿಕೊಂಡಿತು. ಆದರೂ ಅದು ಉಲ್ಲಂಘನೆಯೇ ಎಂದಿತು. ಆದ್ದರಿಂದ ಯಾರಾದರೂ ಹೋಲಿಕೆ ತೋರಿಸಿದ ದಿನ ವಾದಕ್ಕೆ ನಿಲ್ಲದೆ ಹಳೆಯ ಕಥೆಯನ್ನು ತೆರೆದು ಓದಿ. ಸಾಲುಗಳೇ ಒಂದಾಗಿದ್ದರೆ ನಿಮ್ಮ ಕಥೆಯಿಂದ ತೆಗೆದುಹಾಕಿ. ಹೊಳಹು ಮಾತ್ರ ಅಲ್ಲಿಂದ ಬಂದಿದ್ದರೆ, ಕಥೆಯ ತಲೆಯ ಮೇಲೆ ಆ ಲೇಖಕರ ಹೆಸರನ್ನು ಹಾಕಿ.